ದಿನಾ ಬೆಳಿಗ್ಗೆ ಈಜುಕೊಳದ ತುಂಬಾ ಎಲೆ, ಅರ್ಧದಷ್ಟು ತಳ ಸೇರಿರುತ್ತದೆ. ಏನು ಮಾಡಲಿ?

ಕೊಳದಂಚು:

ಎಲ್ಲರಿಗೂ ನಮಸ್ಕಾರ. ಈಜುಕೊಳ ಇರುವ ಮನೆಗೆ ಬಂದು ಐದು ತಿಂಗಳಾಯಿತು. ಇದಕ್ಕೆ ಮೊದಲು ಕೊಳ ನೋಡಿಕೊಂಡ ಅನುಭವ ನನಗಿಲ್ಲ. ಯಾವ ವಿವರ ಮುಖ್ಯ, ಯಾವುದು ಅಲ್ಲ ಅಂತಲೂ ಗೊತ್ತಿಲ್ಲ. ಅದಕ್ಕೇ ಕಂಡದ್ದನ್ನೆಲ್ಲ ಬರೆಯುತ್ತಿದ್ದೇನೆ.

ಕೊಳ 8 ಮೀಟರ್ ಉದ್ದ, 4 ಮೀಟರ್ ಅಗಲ. ಒಂದು ತುದಿಯಲ್ಲಿ 1 ಮೀಟರ್ ಆಳ, ಇನ್ನೊಂದು ತುದಿಯಲ್ಲಿ 1.8 ಮೀಟರ್. ಕಾಂಕ್ರೀಟ್ ಕೊಳ, ಒಳಗೆ ಬಿಳಿ ಪ್ಲಾಸ್ಟರ್. ಪಶ್ಚಿಮದ ಗೋಡೆಯಲ್ಲಿ ಒಂದು ಸ್ಕಿಮ್ಮರ್ ಇದೆ, ಅಂದರೆ ಮೇಲೆ ತೇಲುವ ಕಸವನ್ನು ಒಳಗಿನ ಬಾಸ್ಕೆಟ್‌ಗೆ ಎಳೆದುಕೊಳ್ಳುವ ಬಾಯಿ. ಫಿಲ್ಟರ್‌ನಿಂದ ನೀರು ವಾಪಸ್ ಬರುವ ಬಾಯಿ ಎರಡು, ಎರಡೂ ದಕ್ಷಿಣದ ಉದ್ದ ಗೋಡೆಯಲ್ಲಿವೆ. ಮರಳಿನ ಫಿಲ್ಟರ್. ಪಂಪ್ ಟೈಮರ್‌ನಲ್ಲಿ ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಓಡುತ್ತದೆ. ಹಿಂದಿನವರು ಹಾಗೆ ಇಟ್ಟಿದ್ದರು, ನಾನು ಮುಟ್ಟಿಲ್ಲ.

ತೋಟದಲ್ಲಿ ಒಂದು ದೊಡ್ಡ ಕಾಡುಬಾದಾಮಿ ಮರ ಇದೆ. ಕಾಂಪೌಂಡಿನ ಆಚೆ, ಪಶ್ಚಿಮಕ್ಕೆ, ಗಾಳಿಮರದ ಸಾಲು. ಬಾದಾಮಿಯ ಎಲೆ ಅಂಗೈಗಿಂತ ದೊಡ್ಡದು. ಗಾಳಿಮರದ್ದು ಸೂಜಿಯಂಥ ಸಣ್ಣ ಎಳೆ. ಸಂಜೆ ಐದರ ಹೊತ್ತಿಗೆ ಪಶ್ಚಿಮದಿಂದ ಗಾಳಿ ಶುರುವಾಗುತ್ತದೆ. ಎರಡು ಗಂಟೆ ಬೀಸಿ, ಕತ್ತಲಾದ ಮೇಲೆ ನಿಲ್ಲುತ್ತದೆ.

ಬೆಳಿಗ್ಗೆ ಆರಕ್ಕೆ ಎದ್ದು ಬಲೆ ಹಿಡಿದು ನಿಲ್ಲುತ್ತೇನೆ. 40 ನಿಮಿಷ ಬೇಕು. ತೇಲುವುದನ್ನು ತೆಗೆಯುವುದು ಸುಲಭ. ತಳಕ್ಕೆ ಇಳಿದದ್ದೇ ಕಷ್ಟ. ಬಲೆ ಹತ್ತಿರ ಹೋದರೆ ಸಾಕು, ಮೇಲೆದ್ದು ಪಕ್ಕಕ್ಕೆ ಸರಿಯುತ್ತದೆ. ಗಾಳಿಮರದ ಎಳೆಯಂತೂ ಬಲೆಯ ಕಣ್ಣಿನಿಂದಲೇ ಜಾರಿ ಹೋಗುತ್ತದೆ.

ಇನ್ನು ಮೂರು ವಿಷಯ ಗಮನಿಸಿದ್ದೇನೆ. ಒಂದು, ಪಂಪ್ ನಿಂತ ಮೇಲೆ ಸ್ಕಿಮ್ಮರ್ ಒಳಗೆ ಹೋಗಿದ್ದ ಎಲೆ ನಿಧಾನಕ್ಕೆ ಹೊರಗೆ ಬಂದು ತೇಲುತ್ತದೆ. ಎರಡು, ಕ್ಲೋರಿನ್ ನಿಲ್ಲುತ್ತಿಲ್ಲ. ಸೂರ್ಯ ಮುಳುಗಿದ ಮೇಲೆ ನೋಡಿದರೆ 3 ಪಿಪಿಎಂ (ಹತ್ತು ಲಕ್ಷ ಭಾಗ ನೀರಿಗೆ ಮೂರು ಭಾಗ), ಬೆಳಿಗ್ಗೆ ಬಿಸಿಲು ಬರುವ ಮೊದಲು 1.5. ಅದಕ್ಕೆ ಈಗ ಸ್ಕಿಮ್ಮರ್ ಬಾಸ್ಕೆಟ್ ಒಳಗೆ ಕ್ಲೋರಿನ್ ಮಾತ್ರೆಯನ್ನೂ ಇಡುತ್ತಿದ್ದೇನೆ. ಮೂರು, ಪೂರ್ವದ ತುದಿಯಲ್ಲಿ, ತಳದ ಪ್ಲಾಸ್ಟರ್ ಮೇಲೆ ಕಂದು ಗುರುತು ಬಿದ್ದಿವೆ.

ಇಷ್ಟು ತಲೆ ಕೆಡಿಸಿಕೊಳ್ಳಲು ಕಾರಣ ಅಪ್ಪ. ಅವರ ಮಂಡಿ ಆಪರೇಷನ್ ಆಗಿದೆ. ದಿನಾ ನೀರಿನಲ್ಲಿ ನಡೆಯಬೇಕು ಅಂತ ಡಾಕ್ಟರ್ ಹೇಳಿದ್ದಾರೆ. ಬೆಳಿಗ್ಗೆ ಏಳಕ್ಕೆ ಇಳಿಯುತ್ತಾರೆ. ಹೋದ ವಾರ ಮೆಟ್ಟಿಲ ಮೇಲೆ ಕೊಳೆತ ಎಲೆ ಮೆಟ್ಟಿ ಜಾರಿದರು. ಕಂಬಿ ಹಿಡಿದಿದ್ದರು, ಬೀಳಲಿಲ್ಲ. ಆದರೆ ಆವತ್ತಿನಿಂದ ನನಗೆ ಭಯ.

ಪಶ್ಚಿಮದ ಕಾಂಪೌಂಡ್ ಗೋಡೆಯನ್ನು ಇನ್ನೊಂದು ಮೀಟರ್ ಎತ್ತರಿಸಿದರೆ ಎಲೆ ಬರುವುದು ನಿಲ್ಲುತ್ತದಾ? ಅಥವಾ ರೋಬೋಟ್ ಕ್ಲೀನರ್ ತರಬೇಕಾ? ಮರ ಕಡಿಯಲು ಮನಸ್ಸಿಲ್ಲ. ಬೇಸಿಗೆಯಲ್ಲಿ ಅಂಗಳಕ್ಕೆ ಇರುವ ನೆರಳು ಅದೊಂದೇ.

---

ಮಳೆಬಿಲ್ಲು:

ನಾನು ಎಲೆಬಲೆ ಹೊದಿಸಿದ ಮೇಲೆ ನೆಮ್ಮದಿಯಾಗಿದ್ದೇನೆ. ಕೊಳದ ಮೇಲೆ ಪೂರ್ತಿ ಎಳೆದು ಕಟ್ಟುವ ಸಣ್ಣ ಕಣ್ಣಿನ ಬಲೆ. ಸಂಜೆ ಗಾಳಿಗೆ ಮೊದಲು ಹಾಕುವುದು, ಬೆಳಿಗ್ಗೆ ತೆಗೆಯುವುದು. ಇಬ್ಬರಿದ್ದರೆ ಐದು ನಿಮಿಷದ ಕೆಲಸ.

ಎರಡು ಎಚ್ಚರಿಕೆ ಹೇಳುತ್ತೇನೆ. ಬಲೆ ಬಿಗಿಯಾಗಿರಬೇಕು. ನಡುವೆ ಜೋತು ಬಿದ್ದು ನೀರು ಮುಟ್ಟಿದರೆ ಎಲೆ ಅಲ್ಲೇ ನೆನೆದು ಬಣ್ಣ ಬಿಡುತ್ತದೆ. ಆಮೇಲೆ ಬಲೆ ಇದ್ದೂ ಇಲ್ಲದ ಹಾಗೆ. ಎರಡನೆಯದು ಇನ್ನೂ ಮುಖ್ಯ. ಎಲೆಬಲೆ ಮಕ್ಕಳನ್ನು ತಡೆಯುವ ಹೊದಿಕೆ ಅಲ್ಲ. ಮಗುವೋ ನಾಯಿಯೋ ಅದರ ಮೇಲೆ ಕಾಲಿಟ್ಟರೆ ಬಲೆ ಸಮೇತ ಒಳಗೆ ಹೋಗುತ್ತದೆ, ಮೇಲೆ ಬರಲು ದಾರಿ ಇರುವುದಿಲ್ಲ. ಅಪ್ಪ ಇಳಿಯುವ ಮೊದಲು ಪೂರ್ತಿ ತೆಗೆಯಿರಿ. ಅರ್ಧ ಸರಿಸಿ ಈ ಕಡೆ ಮಾತ್ರ ನಡೆಯಲಿ ಅನ್ನುವುದು ಬೇಡವೇ ಬೇಡ.

---

ಪಂಪ್‌ಮನೆ:

ನಾನು 19 ವರ್ಷದಿಂದ ಈಜು ಕಲಿಸುವ ಒಂದು ಕೊಳವನ್ನು ನೋಡಿಕೊಳ್ಳುತ್ತಿದ್ದೇನೆ. ಸುತ್ತ ಮರಗಳೇ ಇರುವ ಜಾಗ. ನಿಮ್ಮ ಬರಹವನ್ನು ಎರಡು ಸಲ ಓದಿದೆ. ನಿಮ್ಮ ಕಷ್ಟಕ್ಕೆ ಉತ್ತರ ನೀವೇ ಬರೆದ ವಿವರಗಳಲ್ಲಿದೆ. ಗೋಡೆಯೂ ಬೇಡ, ರೋಬೋಟೂ ಸದ್ಯಕ್ಕೆ ಬೇಡ.

ಮೊದಲು ಒಂದು ಮಾತು. ಎಲೆ ನೀರಿಗೆ ಬಿದ್ದ ಕೂಡಲೇ ಮುಳುಗುವುದಿಲ್ಲ. ಸ್ವಲ್ಪ ಹೊತ್ತು ತೇಲುತ್ತದೆ. ನೀರು ಕುಡಿದು ಭಾರವಾದ ಮೇಲೆ ಇಳಿಯುತ್ತದೆ. ತೇಲುವಾಗ ಅದು ಬರೀ ಕಸ. ತಳ ಸೇರಿದ ಮೇಲೆ ಅದು ಕ್ಲೋರಿನ್ ತಿನ್ನುತ್ತದೆ, ಬಣ್ಣ ಬಿಡುತ್ತದೆ, ಜಾರಿಸುತ್ತದೆ. ನೀವು ಸಂಜೆ ಬಿದ್ದ ಎಲೆಯನ್ನು ಬೆಳಿಗ್ಗೆ ಹಿಡಿಯಲು ಹೋಗುತ್ತಿದ್ದೀರಿ. ನಡುವೆ ಅದಕ್ಕೆ ಇಡೀ ರಾತ್ರಿ ಸಿಗುತ್ತಿದೆ.

ನಿಮ್ಮ ಟೈಮರ್ ನೋಡಿ. ಪಂಪ್ 4ಕ್ಕೆ ನಿಲ್ಲುತ್ತದೆ. ಗಾಳಿ 5ಕ್ಕೆ ಏಳುತ್ತದೆ. ಎಲೆ ಬೀಳುವ ಹೊತ್ತಿಗೆ ಸ್ಕಿಮ್ಮರ್ ಎಳೆಯುತ್ತಲೇ ಇಲ್ಲ. ಸಂಜೆ 4ರಿಂದ 9, ಆಮೇಲೆ ಬೆಳಗಿನ ಜಾವ 4ರಿಂದ 7 ಅಂತ ಮಾಡಿ. ಒಟ್ಟು ಎಂಟು ಗಂಟೆ. ಬೇಸಿಗೆಯಲ್ಲಿ ನೀರು ಬಿಸಿಯಾದಾಗ ಮಧ್ಯಾಹ್ನವೂ ಒಂದೆರಡು ಗಂಟೆ ಸೇರಿಸಿಕೊಳ್ಳಿ. ಇಷ್ಟು ಬದಲಾಯಿಸಿದರೇ ವ್ಯತ್ಯಾಸ ಕಾಣುತ್ತದೆ.

ಈಗ ಸ್ಕಿಮ್ಮರ್. ಪಂಪ್ ನಿಂತ ಮೇಲೆ ಎಲೆ ಹೊರಗೆ ಬರುತ್ತದೆ ಅಂದಿರಿ ಅಲ್ವಾ? ಹಾಗಾದರೆ ಅದರ ಬಾಯಲ್ಲಿ ತೇಲುವ ಬಾಗಿಲು ಇಲ್ಲ, ಅಥವಾ ಸಿಕ್ಕಿಹಾಕಿಕೊಂಡಿದೆ. ಕೆಳಗೆ ಕೀಲು ಇರುವ ಪುಟ್ಟ ಪ್ಲಾಸ್ಟಿಕ್ ಹಲಗೆ ಅದು. ಪಂಪ್ ಓಡುವಾಗ ಒಳಕ್ಕೆ ಬಾಗುತ್ತದೆ. ನಿಂತಾಗ ಎದ್ದು ನಿಂತು ಬಾಯಿ ಮುಚ್ಚುತ್ತದೆ, ಒಳಗಿನದು ಒಳಗೇ ಉಳಿಯುತ್ತದೆ. ಅದಕ್ಕೆ ಇನ್ನೊಂದು ಕೆಲಸವೂ ಇದೆ. ಹಲಗೆ ಬಾಗಿದಾಗ ಅದರ ಮೇಲಿಂದ ನೀರಿನ ತೆಳು ಪದರ ಮಾತ್ರ ಜೋರಾಗಿ ಹರಿಯುತ್ತದೆ. ಎಲೆ ಇರುವುದು ಆ ಮೇಲ್ಪದರದಲ್ಲೇ. ಹಲಗೆ ಇಲ್ಲದಿದ್ದರೆ ಸ್ಕಿಮ್ಮರ್ ಆಳದ ನೀರನ್ನೂ ಸೇರಿಸಿ ಎಳೆಯುತ್ತದೆ, ಮೇಲಿನ ಸೆಳೆತ ಕಡಿಮೆಯಾಗುತ್ತದೆ. ಇಷ್ಟು ಚಿಕ್ಕ ಭಾಗವನ್ನು ಜನ ಮುರಿದ ಮೇಲೆ ಬಿಸಾಕಿ ಸುಮ್ನೆ ಇದ್ದುಬಿಡುತ್ತಾರೆ. ನನಗೆ ನಿಜವಾಗಿ ಬೇಜಾರಾಗುತ್ತದೆ.

ನೀರಿನ ಮಟ್ಟವೂ ಮುಖ್ಯ. ಸ್ಕಿಮ್ಮರ್ ಬಾಯಿಯ ನಡುಮಟ್ಟಕ್ಕೆ ನೀರು ಇರಬೇಕು. ಜಾಸ್ತಿಯಾದರೆ ಹಲಗೆ ಕೆಲಸ ಮಾಡುವುದಿಲ್ಲ. ಕಡಿಮೆಯಾದರೆ ಪಂಪ್ ಗಾಳಿ ಎಳೆಯುತ್ತದೆ. ಮಳೆ ಬಂದ ಮರುದಿನ ಮಟ್ಟ ನೋಡುವುದನ್ನು ಮರೆಯಬೇಡಿ.

ನಿಮ್ಮ ಕೊಳದ ದೊಡ್ಡ ತೊಂದರೆ ಸ್ಕಿಮ್ಮರ್ ಇರುವ ಜಾಗ. ಗಾಳಿ ಎಲೆಯನ್ನು ಯಾವ ಕಡೆಗೆ ತಳ್ಳುತ್ತದೋ ಆ ಕಡೆ ಸ್ಕಿಮ್ಮರ್ ಇರಬೇಕು. ನಿಮ್ಮದು ಉಲ್ಟಾ. ಗಾಳಿ ಪಶ್ಚಿಮದಿಂದ ಬಂದು ಎಲೆಯನ್ನು ಪೂರ್ವಕ್ಕೆ ಒಯ್ಯುತ್ತದೆ, ಸ್ಕಿಮ್ಮರ್ ಪಶ್ಚಿಮದಲ್ಲೇ ಕೂತಿದೆ. ಕಂದು ಗುರುತು ಪೂರ್ವದ ತುದಿಯಲ್ಲೇ ಇರುವುದೂ ಇದಕ್ಕೇ. ಎಲೆ ಅಲ್ಲಿ ಗುಂಪಾಗಿ, ಅಲ್ಲೇ ಮುಳುಗುತ್ತಿದೆ.

ಗೋಡೆ ಒಡೆದು ಸ್ಕಿಮ್ಮರ್ ಸರಿಸುವುದು ಆಗದ ಮಾತು. ಆದರೆ ನೀರನ್ನು ತಿರುಗಿಸಬಹುದು. ನೀರು ವಾಪಸ್ ಬರುವ ಎರಡು ಬಾಯಿಗಳ ಒಳಗೆ ಗುಂಡಗಿನ ಬಿಲ್ಲೆ ಇರುತ್ತದೆ. ಹೊರಗಿನ ಉಂಗುರ ಸ್ವಲ್ಪ ಸಡಿಲ ಮಾಡಿದರೆ ಬೇಕಾದ ಕಡೆಗೆ ತಿರುಗುತ್ತದೆ. ಎರಡನ್ನೂ ಪೂರ್ವದ ಕಡೆಗೆ ತಿರುಗಿಸಿ. ಚೂರು ಮೇಲ್ಮುಖ ಇರಲಿ. ನೀರಿನ ಮೇಲೆ ಸಣ್ಣ ಸುಕ್ಕು ಕಾಣಬೇಕು, ಬುಗ್ಗೆ ಏಳಬಾರದು. ಆಗ ನೀರು ದಕ್ಷಿಣದ ಗೋಡೆಗುಂಟ ಪೂರ್ವಕ್ಕೆ ಹೋಗಿ, ಅಲ್ಲಿ ತಿರುಗಿ, ಉತ್ತರದ ಗೋಡೆಗುಂಟ ಪಶ್ಚಿಮಕ್ಕೆ ಬಂದು ಸ್ಕಿಮ್ಮರ್ ಮುಂದೆ ಹಾಯುತ್ತದೆ. ಗಾಳಿ ಜೋರಾಗಿದ್ದಾಗ ಎಲೆ ಪೂರ್ವದಲ್ಲೇ ನಿಲ್ಲುತ್ತದೆ, ಆಗ ಏನೂ ಮಾಡಲಾಗದು. ಗಾಳಿ ನಿಂತ ಮೇಲೆ ಈ ಸುತ್ತು ಅದನ್ನು ಎತ್ತಿಕೊಂಡು ಬರುತ್ತದೆ. ಪಂಪ್ 9ರವರೆಗೆ ಓಡಲಿ ಅಂದದ್ದು ಇದೇ ಕಾರಣಕ್ಕೆ.

ಸರಿಯಾಗಿದೆಯಾ ಅಂತ ತಿಳಿಯಲು ನಾನು ಮಾಡುವ ಪರೀಕ್ಷೆ ಒಂದಿದೆ. ಗಾಳಿ ಇಲ್ಲದ ಹೊತ್ತಿನಲ್ಲಿ ಹತ್ತು ಒಣ ಎಲೆಗಳನ್ನು ಸ್ಕಿಮ್ಮರ್‌ಗೆ ದೂರದ ಮೂಲೆಯಲ್ಲಿ ಬಿಡಿ. ಗಡಿಯಾರ ನೋಡಿಕೊಂಡು ದಡದಲ್ಲಿ ಕೂತುಕೊಳ್ಳಿ. ಎಷ್ಟು ಎಲೆ ಎಷ್ಟು ಹೊತ್ತಿಗೆ ಒಳಗೆ ಹೋದವು, ಯಾವ ಮೂಲೆಯಲ್ಲಿ ಸುಮ್ನೆ ಗಿರಗಿರ ಸುತ್ತುತ್ತಾ ನಿಂತವು, ಎಲ್ಲ ಕಾಣುತ್ತದೆ. ಬಿಲ್ಲೆಯನ್ನು ಬೆರಳಿನಷ್ಟು ತಿರುಗಿಸಿ ಮತ್ತೆ ಬಿಡಿ. ನಮ್ಮ ಕೊಳದಲ್ಲಿ ಮೊದಲ ಸಲ ಒಂದು ಭಾನುವಾರ ಪೂರ್ತಿ ಇದಕ್ಕೇ ಹೋಯಿತು. ಆ ದಿನ ನೀರಿನ ದಾರಿ ಕಣ್ಣಿಗೆ ಕಂಡಿತು. ಮತ್ತೆ ಯಾವತ್ತೂ ಮರೆತಿಲ್ಲ.

ಸ್ಕಿಮ್ಮರ್‌ಗೂ ತಳದ ಡ್ರೈನ್‌ಗೂ ಬೇರೆ ಬೇರೆ ವಾಲ್ವ್ ಇದ್ದರೆ, ಎಲೆ ಉದುರುವ ಕಾಲದಲ್ಲಿ ಸ್ಕಿಮ್ಮರ್ ಕಡೆಯದನ್ನು ಜಾಸ್ತಿ ತೆರೆದಿಡಿ. ತಳದ ಡ್ರೈನ್ ಮೇಲಿನ ಜಾಲರಿ ಗಟ್ಟಿಯಾಗಿದೆಯಾ ಅಂತಲೂ ನೋಡಿ. ಅದು ಒಡೆದಿದ್ದರೆ ಅಥವಾ ಕಿತ್ತು ಬಂದಿದ್ದರೆ ಸರಿಯಾಗುವ ತನಕ ಯಾರೂ ನೀರಿಗೆ ಇಳಿಯಬಾರದು. ಆ ಸೆಳೆತಕ್ಕೆ ಕೂದಲೋ ಕೈಯೋ ಸಿಕ್ಕರೆ ಬಿಡಿಸಿಕೊಳ್ಳುವುದು ಕಷ್ಟ.

ಗಾಳಿಮರದ ಎಳೆಗೆ ಬೇರೆ ಉಪಾಯ ಬೇಕು. ಅದು ಬಲೆಯಲ್ಲಷ್ಟೇ ಅಲ್ಲ, ಬಾಸ್ಕೆಟ್ ತೂತಿನಲ್ಲೂ ನುಸುಳುತ್ತದೆ. ಹಳೆಯ ನೈಲಾನ್ ಸ್ಟಾಕಿಂಗ್ ಇದ್ದರೆ ಬಾಸ್ಕೆಟ್‌ಗೆ ತೊಡಿಸಿ. ಇದಕ್ಕೆಂದೇ ಮಾಡಿದ ಬಲೆಚೀಲವೂ ಸಿಗುತ್ತದೆ. ಹೂವಿನ ಪರಾಗ, ಸಣ್ಣ ಹುಳ ಎಲ್ಲ ಅದರಲ್ಲೇ ನಿಲ್ಲುತ್ತದೆ. ಆದರೆ ಬೇಗ ಕಟ್ಟಿಕೊಳ್ಳುತ್ತದೆ. ಗಾಳಿಯ ದಿನಗಳಲ್ಲಿ ಎರಡು ಸಲ ತೊಳೆಯಬೇಕು. ಕಟ್ಟಿಕೊಂಡರೆ ಪಂಪ್‌ಗೆ ನೀರು ಸಾಲುವುದಿಲ್ಲ.

ಬಾಸ್ಕೆಟ್ ತೆಗೆಯುವಾಗ ಪಂಪ್ ಆರಿಸಿ. ಒಳಗೆ ಕೈ ಹಾಕುವ ಮೊದಲು ಕಣ್ಣಿಟ್ಟು ನೋಡಿ. ಕಪ್ಪೆ ಇರುತ್ತದೆ, ಚೇಳೂ ಇರಬಹುದು. ಒಮ್ಮೆ ನಮ್ಮಲ್ಲಿ ಹಾವಿನ ಮರಿ ಸುತ್ತಿಕೊಂಡು ಕೂತಿತ್ತು. ಆವತ್ತಿನಿಂದ ನಾನು ಟಾರ್ಚ್ ಇಲ್ಲದೆ ಮುಚ್ಚಳ ಎತ್ತುವುದಿಲ್ಲ. ಕಪ್ಪೆ ಪಾಪ, ನೇರ ಗೋಡೆ ಹತ್ತಲಾಗದೆ ರಾತ್ರಿಯಿಡೀ ಈಜಿ ಸಾಯುತ್ತದೆ. ಒಂದು ಮೂಲೆಯಲ್ಲಿ ನೀರಿನಿಂದ ದಡಕ್ಕೆ ಇಳಿಜಾರಾಗಿ ಒಂದು ಒರಟು ಹಲಗೆಯನ್ನೋ ಬಲೆಯ ತುಂಡನ್ನೋ ಕಟ್ಟಿಡಿ, ಹತ್ತಿಕೊಂಡು ಹೋಗುತ್ತವೆ.

ಪಂಪ್‌ನ ಮುಂದೆ ಇರುವ ಇನ್ನೊಂದು ಬಾಸ್ಕೆಟ್ ಅನ್ನೂ ವಾರಕ್ಕೆ ಒಂದೆರಡು ಸಲ ತೆಗೆದು ನೋಡಿ. ಸ್ಕಿಮ್ಮರ್ ಬಾಸ್ಕೆಟ್ ಸೀಳಿದ್ದರೆ ಎಲೆ ಇಲ್ಲಿಗೆ ಬರುತ್ತದೆ. ಇದೂ ಸೀಳಿದ್ದರೆ ಪಂಪ್‌ನ ಒಳಗಿನ ಚಕ್ರಕ್ಕೆ ಸುತ್ತಿಕೊಳ್ಳುತ್ತದೆ. ಫಿಲ್ಟರ್ ಮೇಲಿನ ಒತ್ತಡದ ಗೇಜ್ ನೋಡುವುದನ್ನು ಅಭ್ಯಾಸ ಮಾಡಿಕೊಳ್ಳಿ. ಫಿಲ್ಟರ್ ತೊಳೆದ ಕೂಡಲೇ ಎಷ್ಟಿದೆ ಅಂತ ಗೋಡೆಯ ಮೇಲೆ ಬರೆದಿಡಿ. ಅದಕ್ಕಿಂತ 8ರಿಂದ 10 ಪಿಎಸ್‌ಐ (ಒತ್ತಡದ ಅಳತೆ) ಏರಿದರೆ ಫಿಲ್ಟರ್ ಕಸ ಕಟ್ಟಿದೆ, ಬ್ಯಾಕ್‌ವಾಶ್ ಮಾಡಿ, ಅಂದರೆ ನೀರನ್ನು ಉಲ್ಟಾ ಹರಿಸಿ ಫಿಲ್ಟರ್ ತೊಳೆಯಿರಿ. ಅದಕ್ಕಿಂತ ಇಳಿದು, ನೀರೂ ಸಣ್ಣಗೆ ಬರುತ್ತಿದ್ದರೆ, ಕಸ ಕಟ್ಟಿರುವುದು ಪಂಪ್‌ಗೂ ಮೊದಲು, ಬಾಸ್ಕೆಟ್‌ನಲ್ಲೋ ಪೈಪ್‌ನಲ್ಲೋ, ಇಲ್ಲವೇ ಪಂಪ್ ಚಕ್ರದಲ್ಲೇ. ಇದೊಂದು ತಿಳಿದರೆ ಸುಮ್ಮಸುಮ್ಮನೆ ಬ್ಯಾಕ್‌ವಾಶ್ ಮಾಡಿ ನೀರು ಪೋಲು ಮಾಡುವುದು ತಪ್ಪುತ್ತದೆ. ಫಿಲ್ಟರ್‌ನ ವಾಲ್ವ್ ಹಿಡಿ ತಿರುಗಿಸುವ ಮುನ್ನ ಪಂಪ್ ಆರಿಸಲೇಬೇಕು. ಓಡುತ್ತಿರುವಾಗ ತಿರುಗಿಸಿದರೆ ಒಳಗಿನ ರಬ್ಬರ್ ಹಾಳಾಗುತ್ತದೆ.

ಬಲೆಯ ಕೆಲಸವನ್ನು ಬೆಳಗಿನಿಂದ ಸಂಜೆಗೆ ತನ್ನಿ. ಗಾಳಿ ನಿಲ್ಲುವ ಹೊತ್ತಿಗೆ ಹೋಗಿ. ಎಲೆಯನ್ನು ಗಾಳಿಯೇ ಪೂರ್ವದ ಅಂಚಿಗೆ ಒಟ್ಟು ಮಾಡಿ ಕೊಟ್ಟಿರುತ್ತದೆ. ಇಡೀ ಕೊಳ ಸುತ್ತುವ ಕೆಲಸವಿಲ್ಲ. ಚಪ್ಪಟೆ ಬಲೆ ಬದಲು ಚೀಲದಂಥ ಆಳದ ಬಲೆ ತನ್ನಿ. ಚಪ್ಪಟೆ ಬಲೆಯಲ್ಲಿ ಹತ್ತು ಎಲೆ ಕೂರುವಷ್ಟರಲ್ಲಿ ಐದು ಜಾರುತ್ತವೆ. ತಳದ ಎಲೆ ತೆಗೆಯುವಾಗ ಅವಸರ ಬೇಡ. ಬಲೆಯ ಬಾಯಿ ಮುಂದಿರಲಿ, ತಳದಿಂದ ಒಂದು ಬೆರಳು ಮೇಲೆ ಇರಲಿ, ಒಂದೇ ವೇಗದಲ್ಲಿ ನಿಧಾನಕ್ಕೆ ಎಳೆಯಿರಿ. ನಡುವೆ ನಿಲ್ಲಿಸಬೇಡಿ, ಹಿಂದಕ್ಕೆ ತಳ್ಳಬೇಡಿ. ನಿಂತ ಕೂಡಲೇ ಬಲೆಯ ಬೆನ್ನಿಗೆ ಬಂದ ನೀರು ಒಳಗಿನದನ್ನೆಲ್ಲ ಹೊರಗೆ ಚೆಲ್ಲುತ್ತದೆ. ನಿಮ್ಮ ಕೈಯಿಂದ ಎಲೆ ತಪ್ಪಿಸಿಕೊಳ್ಳುವುದು ಇದಕ್ಕೇ.

ಗೋಡೆ ಎತ್ತರಿಸುವ ವಿಚಾರ ಬಿಡಿ. ಗಟ್ಟಿ ಗೋಡೆಗೆ ಬಡಿದ ಗಾಳಿ ಮೇಲೇರಿ, ಆಚೆ ಕಡೆ ಸುಳಿಯಾಗಿ ಇಳಿಯುತ್ತದೆ. ತಂದ ಎಲೆಯನ್ನು ಅಲ್ಲೇ ಕೆಡವುತ್ತದೆ. ಅಂದರೆ ನಿಮ್ಮ ಕೊಳಕ್ಕೆ. ಗೋಡೆ ಬದಲು ಎಲೆ ದಟ್ಟವಾಗಿರುವ ಬೇಲಿಗಿಡದ ಸಾಲು ಒಳ್ಳೆಯದು. ಗಾಳಿ ಅದರೊಳಗೆ ನುಸುಳಿ ನಿಧಾನವಾಗುತ್ತದೆ, ಎಲೆ ಬೇಲಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಬಾದಾಮಿ ಮರ ಕಡಿಯಬೇಡಿ. ನೀರಿನ ಮೇಲೆ ಚಾಚಿದ ಕೊಂಬೆ ಇದ್ದರೆ ಅದನ್ನಷ್ಟೇ ಸವರಿ. ಸಂಜೆ ನಾಲ್ಕಕ್ಕೆ, ಗಾಳಿಗೆ ಮೊದಲು, ಕೊಳದ ಸುತ್ತಲಿನ ಕಟ್ಟೆ ಗುಡಿಸಿ. ನೀರಿಗೆ ಬೆನ್ನು ಕೊಟ್ಟು ಹೊರಕ್ಕೆ ಗುಡಿಸಬೇಕು. ಕೊಳದಲ್ಲಿ ಕಾಣುವ ಎಲೆ ನೇರ ಮರದಿಂದ ಬಂದದ್ದು ಅಂದುಕೊಳ್ಳುತ್ತೇವೆ. ತುಂಬಾ ಎಲೆ ಮೊದಲು ಕಟ್ಟೆಯ ಮೇಲೆ ಬಿದ್ದು, ಆಮೇಲೆ ಗಾಳಿಗೆ ಉರುಳಿ ಬಂದದ್ದು.

ಕೊನೆಗೆ ಕ್ಲೋರಿನ್. ರಾತ್ರಿ ಬಿಸಿಲಿಲ್ಲ. ಆದರೂ 1.5 ಪಿಪಿಎಂ ಹೋಗುತ್ತಿದೆ ಅಂದರೆ ನೀರೊಳಗೆ ಏನೋ ಅದನ್ನು ತಿನ್ನುತ್ತಿದೆ. ರಾತ್ರಿಯಲ್ಲಿ 1ಕ್ಕಿಂತ ಜಾಸ್ತಿ ಇಳಿಯಬಾರದು. ತಳದಲ್ಲಿ ಕೊಳೆಯುವ ಎಲೆಯೇ ನಿಮ್ಮಲ್ಲಿ ಕಾರಣ ಇರಬೇಕು. ಎಲೆ ತೆಗೆಯದೆ ಕ್ಲೋರಿನ್ ಸುರಿದರೆ ಅದು ಎಲೆಗೇ ಖರ್ಚಾಗುತ್ತದೆ. ಸ್ಕಿಮ್ಮರ್ ಬಾಸ್ಕೆಟ್‌ನಲ್ಲಿ ಮಾತ್ರೆ ಇಡುವುದನ್ನು ಇವತ್ತೇ ನಿಲ್ಲಿಸಿ. ಆ ಮಾತ್ರೆಗಳು ಸಾಮಾನ್ಯವಾಗಿ ಆಮ್ಲದ ಗುಣದವು. ಪಂಪ್ ನಿಂತಾಗ ಸ್ಕಿಮ್ಮರ್ ಒಳಗಿನ ನೀರು ತುಂಬಾ ಹುಳಿಯಾಗುತ್ತದೆ. ಪಂಪ್ ಶುರುವಾದ ಕೂಡಲೇ ಆ ನೀರೆಲ್ಲ ಒಮ್ಮೆಲೇ ಪೈಪ್, ಪಂಪ್ ಎಲ್ಲದರೊಳಗೆ ಹೋಗುತ್ತದೆ, ಲೋಹವನ್ನು ತಿನ್ನುತ್ತದೆ. ತೇಲುವ ಡಬ್ಬಿಯಲ್ಲಿ ಹಾಕಿ, ಅಪ್ಪ ಇಳಿಯುವಾಗ ಡಬ್ಬಿ ತೆಗೆದಿಡಿ. ಎರಡು ಬಗೆಯ ಕ್ಲೋರಿನ್ ಅನ್ನು ಎಂದೂ ಒಂದೇ ಪಾತ್ರೆಯಲ್ಲಿ ಬೆರೆಸಬೇಡಿ. ಬೆಂಕಿ ಹೊತ್ತಿಕೊಳ್ಳಬಹುದು, ಸಿಡಿಯಲೂಬಹುದು. ಅಳೆಯುವ ಲೋಟವೂ ಬೇರೆ ಬೇರೆ ಇರಲಿ.

ಮೊದಲು ಸ್ಕಿಮ್ಮರ್ ಬಾಯಲ್ಲಿ ಹಲಗೆ ಇದೆಯಾ ನೋಡಿ ತಿಳಿಸಿ.

---

ನೀರ್ಗುಳ್ಳೆ:

ರೋಬೋಟ್ ಬಗ್ಗೆ ಕೇಳಿದ್ದೀರಿ, ನನ್ನ ಹತ್ತಿರ ಎರಡು ವರ್ಷದಿಂದ ಇದೆ. ಧೂಳು, ಮರಳು, ಗೋಡೆಯ ಪಾಚಿ, ಇದಕ್ಕೆಲ್ಲ ತುಂಬಾ ಒಳ್ಳೆಯದು. ಎಲೆ ಜಾಸ್ತಿ ಬಿದ್ದ ದಿನ ಸಾಲುವುದಿಲ್ಲ. ಒಳಗಿನ ಬುಟ್ಟಿ ಚಿಕ್ಕದು, ನಾಲ್ಕು ದೊಡ್ಡ ಎಲೆ ಬಾಯಿಗೆ ಅಡ್ಡ ಕೂತರೆ ಮುಗಿಯಿತು. ಆಮೇಲೆ ಅದು ತಳದಲ್ಲಿ ಸುಮ್ನೆ ಓಡಾಡುತ್ತದೆ. ಇನ್ನೊಂದು, ಕೆಲಸ ಮುಗಿದ ಮೇಲೆ ನೀರಿನಲ್ಲೇ ಬಿಟ್ಟರೆ ಬುಟ್ಟಿಯೊಳಗಿನ ಎಲೆ ಅಲ್ಲೇ ಕೊಳೆಯುತ್ತದೆ.

ಎಲೆಗೆ ಅಂತಲೇ ಬೇಕಾದರೆ, ತೋಟದ ಹೋಸ್‌ಗೆ ಜೋಡಿಸುವ ಎಲೆಚೀಲ ನೋಡಿ. ಕೋಲಿನ ತುದಿಯಲ್ಲಿ ಚಕ್ರ ಇರುವ ಗಂಟೆಯಾಕಾರದ ತಲೆ, ಮೇಲೆ ಬಲೆಚೀಲ. ಹೋಸ್‌ನ ನೀರು ಮೇಲ್ಮುಖವಾಗಿ ಚಿಮ್ಮಿದಾಗ ತಳದ ಎಲೆಯನ್ನು ತನ್ನ ಜೊತೆ ಚೀಲಕ್ಕೆ ಎಳೆದುಕೊಂಡು ಹೋಗುತ್ತದೆ. ಪಂಪ್, ಫಿಲ್ಟರ್ ಯಾವುದಕ್ಕೂ ಸಂಬಂಧ ಇಲ್ಲ, ಹಾಗಾಗಿ ಏನೂ ಕಟ್ಟಿಕೊಳ್ಳುವುದಿಲ್ಲ. ಬಿರುಗಾಳಿಯ ಮರುದಿನ ನನ್ನ ಕೈ ಮೊದಲು ಹೋಗುವುದು ಇದಕ್ಕೇ.

---

ಪಂಪ್‌ಮನೆ:

ನೀರ್ಗುಳ್ಳೆ ಹೇಳಿದ್ದು ಸರಿ. ಒಂದು ಸೇರಿಸುತ್ತೇನೆ. ಆ ಚೀಲ ಎಲೆ ಹಿಡಿಯುತ್ತದೆ, ಸಣ್ಣ ಕೆಸರು ಹಿಡಿಯುವುದಿಲ್ಲ. ಕೆಸರು ಚೀಲದ ಕಣ್ಣಿನಿಂದ ಹೊರಬಂದು ನೀರು ಕದಡುತ್ತದೆ. ಕೆಸರಿಗೆ ಒಂದು ರಾತ್ರಿ ಪಂಪ್ ನಿಲ್ಲಿಸಿ, ತಿಳಿಯಾಗಲು ಬಿಟ್ಟು, ಬೆಳಿಗ್ಗೆ ವ್ಯಾಕ್ಯೂಮ್ ಹಾಕಿ ನೀರನ್ನು ಫಿಲ್ಟರ್‌ಗೆ ಕಳಿಸದೆ ನೇರ ಹೊರಗೆ ಬಿಡಬೇಕು. ವ್ಯಾಕ್ಯೂಮ್ ಹೋಸ್ ಜೋಡಿಸುವ ಮೊದಲು ಅದರೊಳಗೆ ಪೂರ್ತಿ ನೀರು ತುಂಬಿಸಿ ಗಾಳಿ ತೆಗೆಯಿರಿ, ಇಲ್ಲದಿದ್ದರೆ ಪಂಪ್ ಎಳೆಯುವುದಿಲ್ಲ. ನಿಮ್ಮ ಕೊಳದಲ್ಲಿ 1 ಸೆಂಟಿಮೀಟರ್ ಇಳಿದರೆ 320 ಲೀಟರ್ ಹೋಯಿತು ಅಂತ ಲೆಕ್ಕ. ಮಟ್ಟ ಸ್ಕಿಮ್ಮರ್ ಬಾಯಿಗಿಂತ ಕೆಳಗೆ ಹೋಗದ ಹಾಗೆ ತೋಟದ ಹೋಸ್‌ನಿಂದ ತುಂಬಿಸುತ್ತಾ ಇರಿ.

---

ಕೊಳದಂಚು:

ಹದಿನಾರು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಬೇಕೆಂತಲೇ ಕಾದೆ, ಸರಿಯಾಗಿ ನೋಡಿ ಹೇಳೋಣ ಅಂತ.

ಹಲಗೆ ಇರಲಿಲ್ಲ! ಕೀಲಿನ ಎರಡು ತೂತು ಮಾತ್ರ ಇದ್ದವು. ಹೊಸದನ್ನು ಹಾಕಿದೆ, ಹತ್ತು ನಿಮಿಷದ ಕೆಲಸ. ಅದನ್ನು ಹಾಕುವ ಮೊದಲು ಹತ್ತು ಎಲೆಯ ಪರೀಕ್ಷೆ ಮಾಡಿದ್ದೆ. ಅರ್ಧ ಗಂಟೆಯಲ್ಲಿ ಮೂರೇ ಎಲೆ ಬಂದವು. ಹಲಗೆ ಹಾಕಿ, ಬಿಲ್ಲೆ ತಿರುಗಿಸಿದ ಮೇಲೆ 12 ನಿಮಿಷಕ್ಕೆ ಎಂಟು. ಉಳಿದ ಎರಡು ಮೆಟ್ಟಿಲ ಪಕ್ಕದ ಮೂಲೆಯಲ್ಲಿ ಸುತ್ತುತ್ತಾ ನಿಂತವು. ಅಪ್ಪ ಜಾರಿದ್ದು ಅಲ್ಲೇ. ನೀರು ಅಲ್ಲಿ ತಿರುಗುತ್ತಲೇ ಇರಲಿಲ್ಲ ಅಂತ ಆಗ ಗೊತ್ತಾಯಿತು. ಈಗ ದಿನಾ ಬೆಳಿಗ್ಗೆ ಆ ಮೂಲೆಯನ್ನೂ ಮೆಟ್ಟಿಲನ್ನೂ ಬ್ರಷ್ ಹಾಕಿ ಉಜ್ಜುತ್ತೇನೆ. ಆಮೇಲೇ ಅಪ್ಪ ಇಳಿಯುವುದು.

ಟೈಮರ್ ಬದಲಾಯಿಸಿದೆ. ಸಂಜೆ ಏಳೂವರೆಗೆ ಪೂರ್ವದ ಅಂಚಿನಲ್ಲಿ ಹತ್ತು ನಿಮಿಷ ಬಲೆ ಹಿಡಿಯುತ್ತೇನೆ. ಬೆಳಿಗ್ಗೆ ತಳದಲ್ಲಿ ಐದಾರು ಎಲೆ ಇದ್ದರೆ ಹೆಚ್ಚು. ಸ್ಟಾಕಿಂಗ್ ತೊಡಿಸಿದ ಮೊದಲ ದಿನ ತೆಗೆದು ನೋಡಿದೆ, ಎರಡು ಹಿಡಿ ಗಾಳಿಮರದ ಎಳೆ! ಇಷ್ಟು ದಿನ ಅದೆಲ್ಲ ಎಲ್ಲಿಗೆ ಹೋಗುತ್ತಿತ್ತು ಅಂತ ಪಂಪ್ ಬಾಸ್ಕೆಟ್ ತೆಗೆದರೆ ಅಲ್ಲೂ ಗೂಡು ಕಟ್ಟಿತ್ತು. ತೆಗೆದು ತೊಳೆದೆ. ವಾಪಸ್ ಬರುವ ನೀರಿನ ಜೋರು ಈಗ ಕೈಗೆ ಗೊತ್ತಾಗುತ್ತದೆ.

ಕ್ಲೋರಿನ್ ರಾತ್ರಿಯಲ್ಲಿ ಅರ್ಧ ಪಿಪಿಎಂ ಅಷ್ಟೇ ಇಳಿಯುತ್ತಿದೆ. ನೀರಿನ ಹುಳಿ-ಕ್ಷಾರ ತೋರಿಸುವ ಪಿಎಚ್ 7.4.

ಕಂದು ಗುರುತು ಮಾತ್ರ ಹಾಗೇ ಇವೆ, ಒಟ್ಟು ಐದು. ಉಜ್ಜಿದರೆ ಹೋಗುತ್ತಿಲ್ಲ. ಇದಕ್ಕೇನು ಮಾಡಲಿ?

---

ಪಂಪ್‌ಮನೆ:

ಓದಿ ತುಂಬಾ ಖುಷಿಯಾಯಿತು. ಮೆಟ್ಟಿಲ ಮೂಲೆ ಉಜ್ಜುವುದನ್ನು ಬಿಡಬೇಡಿ. ಮೆಟ್ಟಿಲ ಹತ್ತಿರ ನೀರು ನಿಲ್ಲುವುದು ಎಷ್ಟೋ ಕೊಳಗಳಲ್ಲಿದೆ, ಅದನ್ನು ಬಿಲ್ಲೆ ತಿರುಗಿಸಿ ಪೂರ್ತಿ ಸರಿಮಾಡಲು ಆಗುವುದಿಲ್ಲ.

ಗುರುತಿನ ವಿಷಯ. ಕಾಡುಬಾದಾಮಿ ಎಲೆಯಲ್ಲಿ ಕಂದು ಬಣ್ಣ ಬಿಡುವ ಟ್ಯಾನಿನ್ ಅನ್ನುವ ಅಂಶ ಜಾಸ್ತಿ. ಅಕ್ವೇರಿಯಂ ಸಾಕುವವರು ನೀರಿಗೆ ಕಂದು ಬಣ್ಣ ಬರಲಿ ಅಂತಲೇ ಆ ಎಲೆ ಹಾಕುತ್ತಾರೆ. ಬಿಳಿ ಪ್ಲಾಸ್ಟರ್ ಮೇಲೆ ಒಂದೆರಡು ದಿನ ಬಿದ್ದಿದ್ದರೆ ಕಲೆ ಕೂರುತ್ತದೆ. ಎಲೆಯ ಕಲೆ ಕ್ಲೋರಿನ್‌ಗೆ ಮಾಸುತ್ತದೆ, ಲೋಹದ ಕಲೆ ಮಾಸುವುದಿಲ್ಲ. ಈಗ ತಳದಲ್ಲಿ ಎಲೆ ಇಲ್ಲ, ಹಾಗಾಗಿ ಕ್ಲೋರಿನ್ ಕಲೆಗೇ ತಗುಲುತ್ತದೆ. ಒಂದು ಸಂಜೆ ಡಬ್ಬಿಯ ಮೇಲೆ ಬರೆದ ಅಳತೆಯಲ್ಲಿ ಕ್ಲೋರಿನ್ ಏರಿಸಿ, ಪಂಪ್ ರಾತ್ರಿಯಿಡೀ ಓಡಿಸಿ. ನೈಲಾನ್ ಬ್ರಷ್‌ನಿಂದ ದಿನಕ್ಕೆ ಎರಡು ಸಲ ಉಜ್ಜಿ. ಕ್ಲೋರಿನ್ 3ಕ್ಕೆ ಇಳಿದಿದೆ ಅಂತ ಅಳೆದು ನೋಡುವ ತನಕ ಅಪ್ಪ ಇಳಿಯುವುದು ಬೇಡ. ಒಂದೆರಡು ದಿನ ನಡಿಗೆ ತಪ್ಪಿದರೂ ಪರವಾಗಿಲ್ಲ.

ಯಾವುದಾದರೂ ಗುರುತು ಒಂದು ವಾರವಾದರೂ ಅಲುಗಾಡದಿದ್ದರೆ, ಅದರ ಮೇಲೆ ವಿಟಮಿನ್ ಸಿ ಮಾತ್ರೆ ಉಜ್ಜಿ ನೋಡಿ. ಅದಕ್ಕೆ ತಿಳಿಯಾದರೆ ಕಬ್ಬಿಣದ ಕಲೆ. ಆಗ ಸುತ್ತ ಎಲ್ಲಿ ಕಬ್ಬಿಣ ಇದೆ ಅಂತ ಹುಡುಕಬೇಕು.

---

ಕೊಳದಂಚು:

ನಾಲ್ಕು ಗುರುತು ಆರು ದಿನದಲ್ಲಿ ಮಾಸಿದವು. ಐದನೆಯದು ಕ್ಲೋರಿನ್‌ಗೆ ಬಗ್ಗಲಿಲ್ಲ, ವಿಟಮಿನ್ ಸಿ ಉಜ್ಜಿದ ಕೂಡಲೇ ತಿಳಿಯಾಯಿತು. ಅದರ ಪಕ್ಕದಲ್ಲೇ, ಪ್ಲಾಸ್ಟರ್ ಸಂದಿಯಲ್ಲಿ, ತುಕ್ಕು ಹಿಡಿದ ಒಂದು ಹೇರ್‌ಪಿನ್ ಸಿಕ್ಕಿಕೊಂಡಿತ್ತು. ತೆಗೆದೆ. ಅಪ್ಪ ಇವತ್ತು ಬೆಳಿಗ್ಗೆ ಮತ್ತೆ ಇಳಿದರು.